ಶೂನ್ಯವೂ ‘ಏನೂ ಇಲ್ಲ’ವೂ ಒಂದೇ ಅಲ್ಲ

(ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳ ಭಕ್ತರು ಪುತ್ತೂರಿನಲ್ಲಿ ಏರ್ಪಡಿಸಿದ್ದ ಶಿವಾನುಭವ ಗೋಷ್ಠಿಯಲ್ಲಿ ದಯಪಾಲಿಸಿದ ಆಶೀರ್ವಚನ)



ಇಂದಿನ ಗೋಷ್ಠಿಗೆ ನೀವು ‘ಶೂನ್ಯ’ ಎಂಬ ವಿಷಯವನ್ನು ಇರಿಸಿಕೊಂಡಿದ್ದೀರಿ. ಇಷ್ಟು ಗೌರವವನ್ನೂ ಇಷ್ಟು ಅಪಾರ್ಥವನ್ನೂ ಒಟ್ಟಿಗೆ ಪಡೆದ ಮಾತು ಇನ್ನೊಂದು ಇರಲಾರದು. ಶಾಲೆಯ ಮೇಷ್ಟ್ರು ಓದದ ಹುಡುಗನ ಉತ್ತರಪತ್ರಿಕೆಯ ಮೇಲೆ ಬರೆಯುವುದೂ ಶೂನ್ಯವೇ. ಕಲ್ಯಾಣದ ಅನುಭವಮಂಟಪದಲ್ಲಿ ಅಲ್ಲಮಪ್ರಭುದೇವರು ಏರಿದ ಪೀಠದ ಹೆಸರೂ ಶೂನ್ಯಸಿಂಹಾಸನವೇ. ಈ ಎರಡರ ನಡುವಣ ಅಂತರವನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಗೊಂದಲಕ್ಕೆ ಎಡೆ ಇರಲಿಲ್ಲ. ಈಗ ಮೂರನೆಯದೊಂದು ಬಂದು ಸೇರಿಕೊಂಡಿದೆ. ‘ನಿಹಿಲಿಸಂ’ ಎಂಬ ಮಾತನ್ನು ಕಾಲೇಜಿಗೆ ಹೋಗುವ ಮಕ್ಕಳು ಕೇಳಿರುತ್ತಾರೆ. ಲ್ಯಾಟಿನ್ ಭಾಷೆಯಲ್ಲಿ ‘ನಿಹಿಲ್’ ಎಂದರೆ ‘ಏನೂ ಇಲ್ಲ’ ಎಂದರ್ಥ. ದೇವರಿಲ್ಲ, ಧರ್ಮವಿಲ್ಲ, ಒಳಿತು ಕೆಡುಕೆಂಬ ಭೇದವಿಲ್ಲ, ಬದುಕಿಗೆ ಅರ್ಥವಿಲ್ಲ ಎಂದು ಸಾಧಿಸುವ ಮತ ಅದು. ಇದನ್ನು ಕನ್ನಡಕ್ಕೆ ತಂದ ಕೆಲವು ಪಂಡಿತರು ‘ಶೂನ್ಯವಾದ’ ಎಂದು ಕರೆದುಬಿಟ್ಟರು. ಅಲ್ಲಿಗೆ ಪ್ರಭುದೇವರ ಶೂನ್ಯವೂ ಪಶ್ಚಿಮದ ‘ಏನೂ ಇಲ್ಲ’ವೂ ಒಂದೇ ಚೀಲದಲ್ಲಿ ಬಿದ್ದವು.

ಇದು ಪಂಡಿತರು ಪಂಡಿತರೊಡನೆ ಜಗಳವಾಡಿ ಮುಗಿಸಬಹುದಾದ ಶಬ್ದದ ತಕರಾರಾಗಿದ್ದರೆ ನಾವು ಇಷ್ಟು ದೂರದಿಂದ ಬಂದು ನಿಮ್ಮ ಹೊತ್ತನ್ನು ಹಾಳುಮಾಡುತ್ತಿರಲಿಲ್ಲ. ನಿನ್ನೆ ಸಂಜೆ ಭಕ್ತರೊಬ್ಬರು ತಮ್ಮ ಮಗನನ್ನು ಕರೆದುಕೊಂಡು ನಾವು ಬಿಡಾರ ಮಾಡಿದ್ದ ಮನೆಗೆ ಬಂದರು. ದಾವಣಗೆರೆ ಕಡೆಯವರು, ನೌಕರಿಯ ನಿಮಿತ್ತ ಈ ಸೀಮೆಯಲ್ಲಿ ನೆಲೆಸಿದವರು. ಹೆಸರು ಬೇಡ. “ಬುದ್ಧಿ, ಇವನು ರಷ್ಯದ ಕಾದಂಬರಿಗಳನ್ನು ಓದಿ ಓದಿ ಕೆಟ್ಟ. ಇಷ್ಟಲಿಂಗ ಪೂಜೆ ಬಿಟ್ಟ, ಸರಿಯಾಗಿ ಊಟ ಬಿಟ್ಟ. ಏನು ಕೇಳಿದರೂ ‘ಅದರಿಂದೇನು’ ಅನ್ನುತ್ತಾನೆ. ಆ ಪುಸ್ತಕಗಳನ್ನು ಸುಟ್ಟುಹಾಕಲೆ?” ಎಂದು ತಂದೆ ಕೇಳಿದರು. ಹುಡುಗ ಮಾತ್ರ ನಮ್ಮನ್ನು ನೇರವಾಗಿ ನೋಡಿ, “ಸ್ವಾಮೀಜಿ, ಅಲ್ಲಮನೂ ಕೊನೆಗೆ ಬಯಲು ಎಂದೇ ಅಲ್ಲವೆ ಹೇಳಿದ್ದು? ಅವನು ಹೇಳಿದರೆ ಸಿಂಹಾಸನ, ನಾನು ಹೇಳಿದರೆ ಬೈಗುಳ. ಇದು ಯಾವ ನ್ಯಾಯ?” ಎಂದು ಕೇಳಿದ. ಸುಟ್ಟುಹಾಕುವುದಕ್ಕಿಂತ ಈ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟ. ಆದ್ದರಿಂದ ಇಂದು ಅದನ್ನೇ ಎತ್ತಿಕೊಳ್ಳೋಣ. ಆ ಪುಸ್ತಕಗಳು ಏನು ಹೇಳುತ್ತವೆ ಎಂಬುದನ್ನೇ ಮೊದಲು ನೋಡೋಣ. ಓದದೆ ಬೈಯುವುದು ಧರ್ಮಪೀಠಕ್ಕೆ ಶೋಭಿಸದು.

ರಷ್ಯದಲ್ಲಿ ಈ ಮಾತನ್ನು ಮನೆಮಾತಾಗಿ ಮಾಡಿದವನು ಇವಾನ್ ತುರ್ಗೆನೇವ್ ಎಂಬ ಕಾದಂಬರಿಕಾರ. 1861ರಲ್ಲಿ ಅಲ್ಲಿನ ಚಕ್ರವರ್ತಿ ಎರಡನೆಯ ಅಲೆಕ್ಸಾಂಡರ್ ಜಮೀನಿನೊಡನೆ ಕೊಳ್ಳುವ ಮಾರುವ ವಸ್ತುಗಳಾಗಿದ್ದ ಜೀತದ ರೈತರನ್ನು ಬಿಡುಗಡೆ ಮಾಡಿದ. ಹಳೆಯ ಕಟ್ಟು ಸಡಿಲವಾಯಿತು, ಹೊಸದು ಇನ್ನೂ ಕೂಡಿಕೊಳ್ಳಲಿಲ್ಲ. ಮರುವರ್ಷ, 1862ರಲ್ಲಿ, ‘ತಂದೆಗಳೂ ಮಕ್ಕಳೂ’ ಎಂಬ ಅರ್ಥದ ಹೆಸರಿನ ಕಾದಂಬರಿ ಹೊರಬಂತು. ಅದರ ನಾಯಕ ಬಜಾರೊವ್ ವೈದ್ಯ ವಿದ್ಯಾರ್ಥಿ. ಕಪ್ಪೆಗಳನ್ನು ಕೊಯ್ದು ನೋಡುವುದರಲ್ಲಿ ಅವನಿಗೆ ಇರುವ ನಂಬಿಕೆ ಬೇರೆ ಯಾವುದರಲ್ಲಿಯೂ ಇಲ್ಲ. ಕಾವ್ಯ ಹುಸಿ, ಪ್ರೇಮ ಹುಸಿ, ಹಿರಿಯರ ಮಾತು ಹುಸಿ. ‘ಎಲ್ಲವನ್ನೂ ಕೆಡವಿದ ಮೇಲೆ ಕಟ್ಟುವವರು ಯಾರು’ ಎಂದು ಹಿರಿಯರು ಕೇಳಿದರೆ, ಅದು ತಮ್ಮ ಕೆಲಸವಲ್ಲ, ಮೊದಲು ನೆಲ ಚೊಕ್ಕಟವಾಗಬೇಕು ಎಂದು ಉತ್ತರಿಸುತ್ತಾನೆ.

ಈ ಬಜಾರೊವ್ ದುಷ್ಟನಲ್ಲ ಎಂಬುದನ್ನು ನೀವು ಗಮನಿಸಬೇಕು. ಪ್ರಾಮಾಣಿಕ, ಕಷ್ಟಜೀವಿ. ಸುಳ್ಳು ಗೌರವವನ್ನು ಸಹಿಸದವನು. ಇಂಥ ಹುಡುಗರು ನಮ್ಮ ಮನೆಗಳಲ್ಲಿಯೂ ಇದ್ದಾರೆ, ಅವರನ್ನು ನೋಡಿದರೆ ನಮಗೆ ಪ್ರೀತಿಯೇ ಹುಟ್ಟುತ್ತದೆ. ಕಡೆಯಲ್ಲಿ ಅವನು ಊರಿಗೆ ಬಂದು, ಸೈನ್ಯದಲ್ಲಿ ವೈದ್ಯನಾಗಿದ್ದು ನಿವೃತ್ತನಾದ ತಂದೆಯ ಜೊತೆ ರೋಗಿಗಳನ್ನು ನೋಡುತ್ತಾನೆ. ಜ್ವರದಿಂದ ಸತ್ತವನೊಬ್ಬನ ದೇಹವನ್ನು ಪರೀಕ್ಷಿಸುವಾಗ ಬೆರಳು ಕುಯ್ದುಕೊಳ್ಳುತ್ತದೆ. ಗಾಯವನ್ನು ಸುಡುವ ಔಷಧ ಅಲ್ಲಿದ್ದ ವೈದ್ಯನ ಬಳಿ ಇರಲಿಲ್ಲ. ನಾಲ್ಕು ತಾಸು ಕಳೆದು ಮನೆಗೆ ಬಂದು ಕೇಳುವ ಹೊತ್ತಿಗೆ ವಿಷ ಏರಿಹೋಗಿದೆ. ವಿಜ್ಞಾನವೊಂದನ್ನೇ ನಂಬಿದವನು ಒಂದು ಚೂರು ಔಷಧವಿಲ್ಲದೆ ಸತ್ತ. ಕಾದಂಬರಿಯ ಕೊನೆಯ ಪುಟದಲ್ಲಿ ವಾದವೇ ಇಲ್ಲ. ಮುದಿ ತಂದೆ ತಾಯಿ ಒಬ್ಬರನ್ನೊಬ್ಬರು ಹಿಡಿದುಕೊಂಡು ನಡೆದು ಬಂದು, ಆ ಸಮಾಧಿಯ ಮುಂದೆ ಮೊಣಕಾಲೂರಿ ಅಳುತ್ತಾರೆ. ಕಲ್ಲಿನ ಮೇಲಿನ ಧೂಳನ್ನು ಒರೆಸುತ್ತಾರೆ. ‘ಏನೂ ಇಲ್ಲ’ ಎಂದವನ ಸಮಾಧಿಯ ಮುಂದೆ ‘ನೀನು ಇದ್ದೆ’ ಎಂದು ಇಬ್ಬರು ಮುದುಕರು ಕೂತಿದ್ದಾರೆ. ಆ ಹುಡುಗನಿಗೆ ನಾವು ಕೇಳಿದೆವು: “ತಮ್ಮಾ, ಆ ಕೊನೆಯ ಪುಟವನ್ನೂ ಓದಿದ್ದೀಯಷ್ಟೆ?” ಓದಿದ್ದ. ಮಾತಾಡಲಿಲ್ಲ.

ತುರ್ಗೆನೇವನ ನಂತರ ಈ ವಿಚಾರ ಪುಸ್ತಕದಿಂದ ಬೀದಿಗೆ ಇಳಿಯಿತು. 1869ರ ಚಳಿಗಾಲದಲ್ಲಿ ನೆಚಾಯೆವ್ ಎಂಬವನ ಗುಂಪು ಮಾಸ್ಕೋದಲ್ಲಿ ತಮ್ಮದೇ ಸಂಗಾತಿಯಾದ ಇವಾನೊವ್ ಎಂಬ ವಿದ್ಯಾರ್ಥಿಯನ್ನು ಕೊಂದುಹಾಕಿತು. ಗುಂಪಿನ ನಾಯಕನ ಮಾತನ್ನು ಪ್ರಶ್ನಿಸಿದ್ದೇ ಅವನ ಅಪರಾಧ. ಎಲ್ಲ ಅಧಿಕಾರವನ್ನೂ ಅಲ್ಲಗಳೆಯಲು ಹೊರಟವರು ಒಬ್ಬನ ಅಧಿಕಾರಕ್ಕೆ ಕೊರಳು ಕೊಟ್ಟರು. ಜೀತದವರನ್ನು ಬಿಡಿಸಿದ ಅಲೆಕ್ಸಾಂಡರನೂ 1881ರಲ್ಲಿ ಬಾಂಬಿಗೆ ಬಲಿಯಾದ. ಆ ಕೃತ್ಯ ಮಾಡಿದವರಿಗೆ ತಮ್ಮದೇ ಗುರಿಗಳಿದ್ದವು, ಎಲ್ಲರನ್ನೂ ಒಂದೇ ಹೆಸರಿನಿಂದ ಕರೆಯುವುದು ಸರಿಯಲ್ಲ. ಆದರೆ ನೆಚಾಯೆವನ ಪ್ರಕರಣವನ್ನು ಹಿಡಿದು ಒಂದು ಮಹಾಕೃತಿ ಹುಟ್ಟಿತು. ದಾಸ್ತೊಯೆವ್‌ಸ್ಕಿ 1871–72ರಲ್ಲಿ ಪ್ರಕಟಿಸಿದ ಆ ಕಾದಂಬರಿಗೆ ‘ದೆವ್ವಗಳು’ ಎಂಬ ಅರ್ಥದ ಹೆಸರು.

ಈ ದಾಸ್ತೊಯೆವ್‌ಸ್ಕಿ ಹೊರಗೆ ನಿಂತು ಉಪದೇಶ ಮಾಡಿದವನಲ್ಲ. ನಿಷಿದ್ಧ ವಿಚಾರಗಳ ಚರ್ಚೆ ನಡೆಸುತ್ತಿದ್ದ ಗುಂಪಿನಲ್ಲಿದ್ದ ಕಾರಣಕ್ಕೆ 1849ರ ಡಿಸೆಂಬರಿನಲ್ಲಿ, ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, ಅವನನ್ನು ಗುಂಡಿಕ್ಕುವ ಮೈದಾನಕ್ಕೆ ಕರೆತಂದು ನಿಲ್ಲಿಸಿದ್ದರು. ಸೈನಿಕರು ಗುರಿ ಇಟ್ಟಾದ ಮೇಲೆ, ಶಿಕ್ಷೆ ಬದಲಾಗಿದೆ ಎಂಬ ಆಜ್ಞೆ ಬಂತು. ಆಮೇಲೆ ಸೈಬೀರಿಯದ ಓಮ್ಸ್ಕ್‌ನಲ್ಲಿ ನಾಲ್ಕು ವರ್ಷ ಕಾಲಿಗೆ ಬೇಡಿ. ಸಾವನ್ನು ಅಷ್ಟು ಹತ್ತಿರದಿಂದ ಕಂಡವನು ‘ಎಲ್ಲವೂ ಅರ್ಥಹೀನ’ ಎಂದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅವನು ಹಾಗೆನ್ನಲಿಲ್ಲ. ಆದರೆ ಹಾಗೆನ್ನುವವರ ವಾದವನ್ನು ಅವರಿಗಿಂತ ಬಲವಾಗಿ ಬರೆದ. ‘ಕರಮಜೋವ್ ಸೋದರರು’ ಕಾದಂಬರಿಯಲ್ಲಿ ಇವಾನ್ ಎಂಬ ಅಣ್ಣ, ಮುಗ್ಧ ಮಕ್ಕಳ ನರಳಾಟವನ್ನು ಎತ್ತಿ ಹಿಡಿದು, ಈ ಬೆಲೆ ತೆತ್ತು ಪಡೆಯುವ ಸ್ವರ್ಗ ತನಗೆ ಬೇಡವೆನ್ನುತ್ತಾನೆ. ಆ ಅಧ್ಯಾಯವನ್ನು ಓದಿದ ಯಾವ ಆಸ್ತಿಕನೂ ಒಂದು ರಾತ್ರಿ ನೆಮ್ಮದಿಯಾಗಿ ಮಲಗಲಾರ. ಮಲಗಿದರೆ ಅವನ ಆಸ್ತಿಕ್ಯದ ಬಗ್ಗೆ ನಮಗೆ ಸಂಶಯ.

ಅದೇ ಕೃತಿಯಲ್ಲಿ ನಮ್ಮಂಥ ಮಠದವರು ಮರೆಯಬಾರದ ಪ್ರಸಂಗವೊಂದಿದೆ. ಜೋಸಿಮಾ ಎಂಬ ವೃದ್ಧ ಸನ್ಯಾಸಿ ತೀರಿಕೊಳ್ಳುತ್ತಾನೆ. ದೊಡ್ಡ ಮಹಾತ್ಮ; ಅವನ ದೇಹದಿಂದ ಪವಾಡವಾಗುತ್ತದೆಂದು ಭಕ್ತರು ಗುಂಪುಗೂಡಿ ಕಾದಿದ್ದಾರೆ. ಪವಾಡವಾಗಲಿಲ್ಲ, ದೇಹ ವಾಸನೆ ಬಂತು. ಎಲ್ಲ ದೇಹಗಳಂತೆಯೇ, ಕೊಂಚ ಬೇಗನೆ. ಅಷ್ಟಕ್ಕೇ ಭಕ್ತರು ಗುಸುಗುಸು ಮಾತಾಡಿದರು, ಮಠದೊಳಗಿನ ಅಸೂಯೆಯವರು ಸಂತೋಷಪಟ್ಟರು. ಅವನ ಪ್ರಿಯ ಶಿಷ್ಯ ಅಲ್ಯೋಶಾ ಕೂಡ ಒಂದು ದಿನ ಕಂಗೆಟ್ಟುಹೋದ. ಅವನನ್ನು ಎತ್ತಿ ನಿಲ್ಲಿಸಿದ್ದು ಯಾವ ಶಾಸ್ತ್ರವಾಕ್ಯವೂ ಅಲ್ಲ. ಊರು ಕೆಟ್ಟವಳೆಂದು ದೂರವಿಟ್ಟ ಹೆಣ್ಣೊಬ್ಬಳು ಅವನ ದುಃಖವನ್ನು ಕಂಡು ತೋರಿಸಿದ ಕರುಣೆ. ಪವಾಡಕ್ಕಾಗಿ ಮಠಕ್ಕೆ ಬರುವವರಿಗೆ ನಾವು ಹೇಳುವುದಿಷ್ಟೆ: ಪವಾಡದ ಮೇಲೆ ನಿಂತ ಭಕ್ತಿಗೂ ಬಜಾರೊವನ ‘ಇಲ್ಲ’ಕ್ಕೂ ನಡುವೆ ಇರುವುದು ಒಂದೇ ಗೋಡೆ, ಅದೂ ತೆಳುವಾದದ್ದು. ಪವಾಡ ನಡೆಯದ ದಿನ ಅದು ಬೀಳುತ್ತದೆ. ನಮ್ಮ ಮಕ್ಕಳು ‘ಏನೂ ಇಲ್ಲ’ ಎನ್ನುವುದಕ್ಕೆ ರಷ್ಯದ ಪುಸ್ತಕಗಳಿಗಿಂತ ನಮ್ಮ ತಾಯಿತ, ಹರಕೆಗಳೇ ಹೆಚ್ಚು ಕಾರಣವಾಗಿರಬಹುದು.

ಇದು ಪಶ್ಚಿಮದ ರೋಗ, ನಮ್ಮಲ್ಲಿ ಇರಲಿಲ್ಲ ಎಂದು ಕೆಲವರು ಹೇಳುತ್ತಾರೆ. ಅದು ಸರಿಯಲ್ಲ. ವಾಲ್ಮೀಕಿ ರಾಮಾಯಣದ ಅಯೋಧ್ಯಾಕಾಂಡವನ್ನು ತೆರೆಯಿರಿ. ಭರತನೊಡನೆ ಚಿತ್ರಕೂಟಕ್ಕೆ ಬಂದ ಜಾಬಾಲಿ ಎಂಬ ಬ್ರಾಹ್ಮಣ ರಾಮನಿಗೆ ಏನು ಹೇಳುತ್ತಾನೆ? ಯಾರಿಗೆ ಯಾರೂ ಬಂಧುವಲ್ಲ, ಮನುಷ್ಯ ಒಬ್ಬನೇ ಹುಟ್ಟಿ ಒಬ್ಬನೇ ಸಾಯುತ್ತಾನೆ, ಶ್ರಾದ್ಧವೆಂಬುದು ಅನ್ನದ ದಂಡ, ಪರಲೋಕವಿಲ್ಲ, ಹಿಂದಿರುಗಿ ರಾಜ್ಯವಾಳು ಎನ್ನುತ್ತಾನೆ. ರಾಮ ಕೋಪಗೊಂಡು ಖಂಡಿಸಿದ ಮೇಲೆ, ನಿನ್ನನ್ನು ಊರಿಗೆ ಕರೆದೊಯ್ಯಲು ಹಾಗೆ ಹೇಳಿದೆನೆಂದು ಜಾರಿಕೊಳ್ಳುತ್ತಾನೆ. ಬುದ್ಧನ ಕಾಲದಲ್ಲಿ ಅಜಿತ ಕೇಶಕಂಬಲಿ ಎಂಬ ಆಚಾರ್ಯನಿದ್ದ. ನಾಲ್ಕು ಭೂತಗಳ ಈ ದೇಹ ಬಿದ್ದ ಮೇಲೆ ಮೂಢನೂ ಪಂಡಿತನೂ ಒಂದೇ ರೀತಿ ನಾಶವಾಗುತ್ತಾರೆ, ದಾನ ಧರ್ಮಕ್ಕೆ ಫಲವಿಲ್ಲ ಎಂದು ಸಾರುತ್ತಿದ್ದ. ಇಂಥ ಮತಕ್ಕೆ ನಮ್ಮ ಹಿಂದಿನವರು ಇಟ್ಟ ಹೆಸರು ಶೂನ್ಯವಾದವಲ್ಲ, ಉಚ್ಛೇದವಾದ. ಬುಡ ಕತ್ತರಿಸುವ ವಾದ. ಶೂನ್ಯತೆಯನ್ನು ಬೋಧಿಸಿದ ನಾಗಾರ್ಜುನನೇ ಈ ಉಚ್ಛೇದವಾದವನ್ನು ಖಂಡಿಸಿದ್ದಾನೆ. ಶೂನ್ಯತೆಯನ್ನು ತಪ್ಪಾಗಿ ಹಿಡಿದವನನ್ನು ಹಾವನ್ನು ತಪ್ಪಾಗಿ ಹಿಡಿದವನಿಗೆ ಹೋಲಿಸಿ ಎಚ್ಚರಿಸಿದ್ದಾನೆ. ಹಾವಿಗೆ ಹೆಸರಾದ ಸುಬ್ರಹ್ಮಣ್ಯ ಕ್ಷೇತ್ರದ ನೆರೆಯಲ್ಲಿರುವ ನಿಮಗೆ ಈ ಉಪಮೆಯನ್ನು ವಿವರಿಸಬೇಕಾಗಿಲ್ಲ. ನಿಹಿಲಿಸಂ ಎಂಬುದಕ್ಕೆ ಕನ್ನಡದಲ್ಲಿ ಹೆಸರು ಬೇಕಿದ್ದರೆ ಉಚ್ಛೇದವಾದವೆನ್ನಿ, ಇಲ್ಲವೆ ತಿಳಿಗನ್ನಡದಲ್ಲಿ ‘ಏನೂ ಇಲ್ಲ ಎನ್ನುವ ವಾದ’ ಎನ್ನಿ. ಶೂನ್ಯವೆಂಬ ಮಾತನ್ನು ಮಾತ್ರ ಅದಕ್ಕೆ ಬಿಟ್ಟುಕೊಡಬೇಡಿ.

ಇನ್ನು ಟಾಲ್‌ಸ್ಟಾಯ್. ಇವನ ದೊಡ್ಡ ಕಾದಂಬರಿಗಳನ್ನು ದೇ. ಜವರೇಗೌಡರು, ಓ. ಎಲ್. ನಾಗಭೂಷಣಸ್ವಾಮಿಯವರು ಕನ್ನಡಕ್ಕೆ ತಂದಿರುವುದರಿಂದ ನಿಮ್ಮಲ್ಲಿ ಹಲವರಿಗೆ ಪರಿಚಯವಿರಬಹುದು. ಐವತ್ತರ ಸುಮಾರಿಗೆ ಅವನಿಗೆ ಇಲ್ಲದ್ದು ಯಾವುದೂ ಇರಲಿಲ್ಲ. ಕೀರ್ತಿ, ಹೆಂಡತಿ ಮಕ್ಕಳು, ಗಟ್ಟಿಮುಟ್ಟಾದ ಮೈ. ಸಮಾರಾ ಪ್ರಾಂತ್ಯವೊಂದರಲ್ಲಿಯೇ ಆರು ಸಾವಿರ ದೆಸ್ಯಾತಿನ್ ಜಮೀನು. ನಮ್ಮ ಲೆಕ್ಕದಲ್ಲಿ ಹದಿನಾರು ಸಾವಿರ ಎಕರೆ. (ಸಭೆಯಲ್ಲಿ ನಗು.) ನಗುತ್ತೀರಿ, ಒಂದು ಎಕರೆ ಅಡಿಕೆ ತೋಟಕ್ಕೆ ನೀವು ಪಡುವ ಪಾಡು ನಮಗೆ ಗೊತ್ತು. ಅಷ್ಟಿದ್ದರೂ ಅವನನ್ನು ಒಂದು ಪ್ರಶ್ನೆ ಬೆನ್ನು ಹತ್ತಿತು: ‘ಇಷ್ಟೆಲ್ಲ ಆಯಿತು, ಮುಂದೇನು?’ ನಮ್ಮ ಹುಡುಗನ ‘ಅದರಿಂದೇನು’ ಎಂಬುದೂ ಇದೇ ಪ್ರಶ್ನೆ. ತನ್ನ ಕೈಗೆ ತಾನೇ ಹೆದರಿ ಅವನು ಬಂದೂಕು ಹಿಡಿದು ಬೇಟೆಗೆ ಹೋಗುವುದನ್ನೇ ನಿಲ್ಲಿಸಿದ. ಇದನ್ನೆಲ್ಲ ಅವನೇ ತನ್ನ ತಪ್ಪೊಪ್ಪಿಗೆಯ ಪುಸ್ತಕದಲ್ಲಿ ಬರೆದಿದ್ದಾನೆ.

ಆ ಪುಸ್ತಕದಲ್ಲಿ ಅವನು ಪೂರ್ವದೇಶದ ಹಳೆಯ ಕಥೆಯೆಂದು ಒಂದನ್ನು ಹೇಳುತ್ತಾನೆ. ಪ್ರಯಾಣಿಕನೊಬ್ಬ ಕಾಡುಮೃಗಕ್ಕೆ ಹೆದರಿ ಹಾಳುಬಾವಿಗೆ ಇಳಿಯುತ್ತಾನೆ. ಕೆಳಗೆ ಬಾಯ್ದೆರೆದ ಘಟಸರ್ಪ. ನಡುವೆ ಒಂದು ಗಿಡದ ಕೊಂಬೆಯನ್ನು ಹಿಡಿದು ನೇತಾಡುತ್ತಾನೆ. ಕಪ್ಪು ಇಲಿ ಒಂದು, ಬಿಳಿ ಇಲಿ ಒಂದು ಆ ಕೊಂಬೆಯನ್ನು ಕಡಿಯುತ್ತಿವೆ. ಎಲೆಯ ಮೇಲೆ ಜೇನಿನ ಹನಿ ಕಂಡು ಅದನ್ನು ನೆಕ್ಕುತ್ತಾನೆ. ಇದೇ ಮನುಷ್ಯನ ಬಾಳು. ಈಗ ಆ ಜೇನೂ ತನಗೆ ಸಿಹಿಯಾಗಿಲ್ಲ ಎನ್ನುತ್ತಾನೆ ಟಾಲ್‌ಸ್ಟಾಯ್.

ಶರಣರೆ, ಇದು ಯಾರ ಮನೆಯ ಕಥೆ? ಮಹಾಭಾರತದ ಸ್ತ್ರೀಪರ್ವದಲ್ಲಿ ವಿದುರ ಧೃತರಾಷ್ಟ್ರನಿಗೆ ಹೇಳಿದ ಕಥೆ. ಅಲ್ಲಿ ಬಳ್ಳಿ ಮುಚ್ಚಿದ ಬಾವಿಯಲ್ಲಿ ಬಿದ್ದವನು ತೊಟ್ಟಿಗೆ ಅಂಟಿದ ಹಲಸಿನ ಹಣ್ಣಿನಂತೆ ತಲೆಕೆಳಗಾಗಿ ನೇತಾಡುತ್ತಾನೆ. ಬಾವಿಯ ದಡದಲ್ಲಿ ಆರು ಮುಖ, ಹನ್ನೆರಡು ಕಾಲಿನ ಆನೆ: ಆರು ಋತು ಹನ್ನೆರಡು ತಿಂಗಳಿನ ಸಂವತ್ಸರ. ಇಲಿಗಳು ಹಗಲು ರಾತ್ರಿ. ಜೇನು ಕಾಮನೆಗಳ ರಸ. ಈ ಕಥೆ ಪಾರಸಿ, ಅರಬ್ಬಿ ನಾಡುಗಳನ್ನು ದಾಟಿ, ಬುದ್ಧನ ಚರಿತ್ರೆಯೇ ರೂಪ ಬದಲಿಸಿ ಬರ್ಲಾಮ್ ಜೋಸಫಾತರ ಕ್ರೈಸ್ತ ಕಥೆಯಾದಾಗ ಅದರೊಳಗೆ ಸೇರಿ ಯೂರೋಪಿಗೆ ಹೋಯಿತು. ‘ಬೋಧಿಸತ್ವ’ ಎಂಬ ಮಾತೇ ಸವೆದು ‘ಜೋಸಫಾತ್’ ಆಯಿತೆಂದು ವಿದ್ವಾಂಸರು ತೋರಿಸಿದ್ದಾರೆ. ಹೀಗೆ ಸುತ್ತಿ ಸುಳಿದು ಹೋದದ್ದನ್ನು ರಷ್ಯದ ಜಮೀನ್ದಾರ ಕೈಗೆತ್ತಿಕೊಂಡ. ಚಿತ್ರ ಒಂದೇ. ಆದರೆ ಹೇಳಿದ ಸಂದರ್ಭವನ್ನು ನೋಡಿ. ವಿದುರ ಹೇಳಿದ್ದು ನೂರು ಮಕ್ಕಳನ್ನು ಕಳೆದುಕೊಂಡ ಕುರುಡು ತಂದೆಗೆ. ‘ನೋಡು, ಎಲ್ಲ ವ್ಯರ್ಥ, ಕೊಂಬೆ ಬಿಡು’ ಎಂದು ಹೇಳಲಿಲ್ಲ. ಈ ಚಕ್ರ ಹೇಗೆ ತಿರುಗುತ್ತದೆಂದು ತಿಳಿದವರು ಅದರ ಕಟ್ಟನ್ನು ಕಡಿಯುತ್ತಾರೆ, ನೀನೂ ತಿಳಿ ಎಂದು ಕೈ ಹಿಡಿದು ಎಬ್ಬಿಸಿದ. ಆ ದೊರೆ ಆಮೇಲೆ ಎದ್ದು ರಣರಂಗಕ್ಕೆ ನಡೆದು, ಸತ್ತವರ ಸಂಸ್ಕಾರ ಮಾಡಿಸಬೇಕಾಗಿತ್ತು, ಮಾಡಿಸಿದ. ಅದೇ ಬಾವಿ, ಅದೇ ಇಲಿ, ಅದೇ ಜೇನು. ಒಬ್ಬನಿಗೆ ಅದು ಬದುಕಿನ ಮೇಲಿನ ತೀರ್ಪಾಯಿತು, ಇನ್ನೊಬ್ಬನಿಗೆ ಎದ್ದು ನಿಲ್ಲುವುದಕ್ಕೆ ಆಧಾರವಾಯಿತು. ಆ ಹುಡುಗನ ಪ್ರಶ್ನೆಗೆ ನಮ್ಮ ಉತ್ತರದ ಮೊದಲ ಭಾಗ ಇದು.

ಟಾಲ್‌ಸ್ಟಾಯ್ ಕೂಡ ಬಾವಿಯಲ್ಲಿಯೇ ಉಳಿಯಲಿಲ್ಲ. ಓದಿದವರ ಬಳಿ ಉತ್ತರ ಸಿಗದೆ, ಹೊಲದಲ್ಲಿ ದುಡಿಯುವ ರೈತರ ಕಡೆ ನೋಡಿದ. ಅವರು ಬದುಕನ್ನೂ ಸಾವನ್ನೂ ಗೊಣಗದೆ ಹೊರುತ್ತಿದ್ದರು. ತಾನೂ ನೇಗಿಲು ಹಿಡಿದ. ಅಲ್ಲಿಂದ ಮುಂದಿನ ಅವನ ಬರಹ ದಕ್ಷಿಣ ಆಫ್ರಿಕದಲ್ಲಿದ್ದ ಗಾಂಧಿ ಎಂಬ ತರುಣ ವಕೀಲನನ್ನು ಮುಟ್ಟಿತು. ಟಾಲ್‌ಸ್ಟಾಯ್ ತೀರಿಕೊಂಡ 1910ರಲ್ಲಿಯೇ ಅಲ್ಲಿ ಅವನ ಹೆಸರಿನ ಆಶ್ರಮ ಎದ್ದಿತು. ಅದೇ ಗಾಂಧೀಜಿ 1934ರ ಫೆಬ್ರವರಿಯಲ್ಲಿ ಹರಿಜನ ಪ್ರವಾಸದ ಕಾಲಕ್ಕೆ ಕೊಡಗಿನ ಘಟ್ಟ ಇಳಿದು ಸುಳ್ಯ, ಪುತ್ತೂರುಗಳ ಮೇಲೆ ಮಂಗಳೂರಿಗೆ ಹೋದರು. ಬಾವಿಯ ಕಥೆ ಇಲ್ಲಿಂದ ಹೋಯಿತು, ಉತ್ತರ ನಿಮ್ಮ ರಸ್ತೆಯಲ್ಲಿಯೇ ತಿರುಗಿ ಬಂತು.

ಇನ್ನು ಪ್ರಭುದೇವರ ಬಯಲಿನ ಮಾತು. ನಾವು ಬಯಲುಸೀಮೆಯವರು. ನಮ್ಮ ಕಡೆ ಬಯಲು ಎಂದರೆ ಕಣ್ಣು ಹರಿಯುವಷ್ಟು ದೂರ ಗಿಡಮರವಿಲ್ಲದ ಒಣನೆಲ. ಹಾಗೆ ಕೇಳಿದವನಿಗೆ ಬಯಲು ಎಂದರೆ ಬರಿದು ಎಂದೇ ತೋರಬಹುದು. ನಿಮ್ಮ ಈ ಸೀಮೆಗೆ ಬಂದ ಮೇಲೆ ಆ ಮಾತಿನ ಇನ್ನೊಂದು ಮುಖ ಕಂಡೆವು. ಇಲ್ಲಿ ಗದ್ದೆಗಳಲ್ಲಿ ಬೆಟ್ಟು, ಮಜಲು, ಬೈಲು ಎಂದು ಮೂರು ತರ. ಮೇಲಿನ ಬೆಟ್ಟುಗದ್ದೆಗೆ ಮಳೆಗಾಲದ ಒಂದು ಬೆಳೆ. ನಡುವಿನ ಮಜಲಿಗೆ ಎರಡು. ಎಲ್ಲಕ್ಕಿಂತ ಕೆಳಗಿನ ಬೈಲಿಗೆ ಸುತ್ತಲ ಗುಡ್ಡಗಳ ನೀರೆಲ್ಲ ಇಳಿದು ಬರುತ್ತದೆ. ಅಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ. ಈಗ ಬೈಲುಗಳಲ್ಲಿಯೂ ಹೆಚ್ಚಾಗಿ ಅಡಿಕೆಯೇ ಕಾಣುತ್ತದೆ, ಇರಲಿ. ಬೈಲಿನಲ್ಲಿ ಏನೂ ಎದ್ದು ನಿಂತಿಲ್ಲ ನಿಜ. ಆದರೆ ಅದು ಬಂಜರಲ್ಲ, ಎಲ್ಲಕ್ಕಿಂತ ತಗ್ಗಿ ಮಲಗಿದ್ದರಿಂದಲೇ ಎಲ್ಲವೂ ಅದಕ್ಕೆ ಬಂದು ಸೇರುತ್ತದೆ. ಪ್ರಭುದೇವರ ಬಯಲನ್ನು ತಿಳಿಯುವುದಕ್ಕೆ ನಮ್ಮ ಸೀಮೆಯ ಬಯಲಿಗಿಂತ ನಿಮ್ಮ ಬೈಲು ಹತ್ತಿರ. ‘ನಾನು’ ಎಂಬುದು ಎದ್ದು ನಿಂತಿರುವಷ್ಟು ಕಾಲ ಅದು ಬೆಟ್ಟುಗದ್ದೆ.

ನಮ್ಮ ಗ್ರಂಥದ ಹೆಸರನ್ನೂ ಗಮನಿಸಿ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಮೊದಲು ಸಂಕಲಿಸಿದರು; ಮುಂದೆ ಹಲಗೆಯಾರ್ಯರು, ಗುಮ್ಮಳಾಪುರದ ಸಿದ್ಧಲಿಂಗಯತಿಗಳು, ಗೂಳೂರು ಸಿದ್ಧವೀರಣ್ಣೊಡೆಯರು ಪರಿಷ್ಕರಿಸಿದರು. ನಾಲ್ವರೂ ಇಟ್ಟ ಹೆಸರು ‘ಶೂನ್ಯಸಂಪಾದನೆ’. ‘ಇಲ್ಲ’ ಎನ್ನುವುದಕ್ಕೆ ಸಂಪಾದನೆ ಬೇಕಿಲ್ಲ. ಅದು ಸೋಮಾರಿಗೂ ಸಿಗುತ್ತದೆ. ಸಂಪಾದಿಸಬೇಕಾದದ್ದು ಬೇರೆ. ಆ ಗ್ರಂಥದ ಆರಂಭದ ದೊಡ್ಡ ಸಂವಾದ ಯಾರೊಡನೆ? ತೋಟ ತಿರುಗುತ್ತಿದ್ದ ಪಂಡಿತನೊಡನೆ ಅಲ್ಲ. ಅಣ್ಣ ಅಜಗಣ್ಣನನ್ನು ಕಳೆದುಕೊಂಡು ಅಳುತ್ತ ಕುಳಿತ ಮುಕ್ತಾಯಕ್ಕನೊಡನೆ. ಶೂನ್ಯವನ್ನು ಸಾರಲು ಹೊರಟ ಪ್ರಭುದೇವರು ಮೊದಲು ಹೋಗಿ ನಿಂತದ್ದು ಅಳುವವಳ ಬಳಿ. ಅವಳೂ ಸುಮ್ಮನೆ ಒಪ್ಪಿಕೊಳ್ಳುವವಳಲ್ಲ, ಮಾತಿಗೆ ಮಾತು ಕೊಡುತ್ತಾಳೆ. ಅವರು ಅವಳ ದುಃಖವನ್ನು ಹುಸಿಯೆಂದು ತಳ್ಳದೆ, ಮಾತು ಮುಗಿಯುವವರೆಗೆ ಅಲ್ಲಿಯೇ ಇರುತ್ತಾರೆ. ಬಜಾರೊವನ ತಂದೆ ತಾಯಿಯ ಬಳಿ ಅಂಥವರು ಯಾರೂ ಬರಲಿಲ್ಲ.

ದೇವರನ್ನು ಒಪ್ಪದವರೆಲ್ಲ ‘ಏನೂ ಇಲ್ಲ’ದವರು ಎಂಬ ಭ್ರಮೆಯೂ ನಿಮಗೆ ಬೇಡ. ಅದಕ್ಕೆ ಸಾಕ್ಷಿ ನಿಮ್ಮ ಪುತ್ತೂರಿನಲ್ಲಿಯೇ ಇದೆ. ಶಿವರಾಮ ಕಾರಂತರು ನಾಲ್ಕು ದಶಕಗಳಷ್ಟು ಕಾಲ ಬಾಲವನದಲ್ಲಿ ಬಾಳಿದರು. ದೇವರ ವಿಷಯದಲ್ಲಿ ತಮ್ಮ ಸಂಶಯವನ್ನು ಅವರು ಎಂದೂ ಮುಚ್ಚಿಟ್ಟವರಲ್ಲ. ಮಠಗಳ ಬಗ್ಗೆಯೂ ಅವರಿಗೆ ವಿಶೇಷ ಪ್ರೀತಿ ಇತ್ತೆಂದು ನಾವು ಹೇಳಲಾರೆವು. ಆದರೆ ಆ ಸಂಶಯ ಅವರನ್ನು ಕೈಕಟ್ಟಿ ಕೂರಿಸಿತೆ? ಮಕ್ಕಳ ಶಿಕ್ಷಣ, ಯಕ್ಷಗಾನ, ವಿಜ್ಞಾನ, ಕಾಡಿನ ರಕ್ಷಣೆ ಎಂದು ತೊಂಬತ್ತೈದರವರೆಗೆ ದುಡಿದರು, 1997ರಲ್ಲಿ ತೀರಿಕೊಂಡರು. ಅವರು 1943ರಲ್ಲಿ ಹೊರತಂದ ‘ಬೆಟ್ಟದ ಜೀವ’ ನಿಮ್ಮ ಸುಬ್ರಹ್ಮಣ್ಯದ ಸುತ್ತಲ ಕಾಡಿನ ಕಥೆ. ಅಲ್ಲಿಯೂ ಒಬ್ಬ ಮಗ ಮನೆ ಬಿಟ್ಟು ಹೋಗಿದ್ದಾನೆ. ಶಂಭು. ಅಲ್ಲಿಯೂ ಕಾಯುತ್ತಿರುವ ಮುದಿ ದಂಪತಿ, ಗೋಪಾಲಯ್ಯ, ಶಂಕರಮ್ಮ. ತುರ್ಗೆನೇವನ ಪುಸ್ತಕದ ಕೊನೆಯ ಪುಟ ಎಲ್ಲಿ ನಿಲ್ಲುತ್ತದೆಯೋ ಅಲ್ಲಿಂದ ಕಾರಂತರು ಆರಂಭಿಸಿದಂತಿದೆ. ಗೋಪಾಲಯ್ಯನಿಗೆ ಮಗ ಬರುತ್ತಾನೆಂಬ ಭರವಸೆಯಿಲ್ಲ. ತಾನು ಕಡಿದು ಮಾಡಿದ ತೋಟ ಯಾರಿಗೆ ಎಂಬ ಪ್ರಶ್ನೆಗೆ ಉತ್ತರವಿಲ್ಲ. ಆನೆ ಬರುತ್ತದೆ, ಹುಲಿ ಬರುತ್ತದೆ. ಆದರೂ ಇನ್ನೊಂದು ಗುಡ್ಡದ ಮೂಲೆಯಲ್ಲಿ ಗಿಡ ನೆಡುವ ಮಾತಾಡುತ್ತಾನೆ. ನಾರಾಯಣನೆಂಬ ಪರರ ಮಗನನ್ನು ತನ್ನವನಂತೆ ನೆಲೆಗೊಳಿಸುತ್ತಾನೆ. ದಾರಿ ತಪ್ಪಿ ಬಂದ ಅಪರಿಚಿತನಿಗೆ ಉಣ್ಣಿಸಿ ಉಪಚರಿಸುತ್ತಾನೆ. ಇದನ್ನು ಕಾಯಕವೆನ್ನದೆ ಇನ್ನೇನೆನ್ನಬೇಕು? ಆ ಹೆಸರು ಕಾರಂತರಿಗೆ ಒಪ್ಪಿಗೆಯಾಗುತ್ತಿತ್ತೋ ಇಲ್ಲವೋ, ನಮಗಂತೂ ಒಪ್ಪಿಗೆ.

ನಿನ್ನೆ ಬಂದವರಲ್ಲಿ ಸುಳ್ಯದ ಮೇಲ್ಭಾಗದ ಕೃಷಿಕರೂ ಇದ್ದರು. ಸಂಪಾಜೆ, ಅರಂತೋಡು ಕಡೆ ಹಳದಿ ಎಲೆ ರೋಗ ತೋಟಗಳನ್ನೇ ತಿಂದುಹಾಕಿದೆ. ಈಚೆಗೆ ಎಲೆಚುಕ್ಕೆಯೂ ಸೇರಿದೆ. ‘ಬುದ್ಧಿ, ನಮ್ಮ ಮಗನಿಗೆ ಪುಸ್ತಕ ಬೇಕಿಲ್ಲ, ತೋಟಕ್ಕೆ ಹೋಗಿ ನೋಡಿದರೆ ಸಾಕು, ಏನೂ ಇಲ್ಲ ಎನ್ನುತ್ತಾನೆ’ ಎಂದರು. ಆ ಮಾತಿಗೆ ವೇದಾಂತ ಹೇಳಿದರೆ ಅದು ಕ್ರೌರ್ಯ. ಎಪ್ಪತ್ತರ ದಶಕದ ಆರಂಭದಲ್ಲಿ ಅಡಿಕೆಗೆ ಬೆಲೆ ಬಿದ್ದು ಇದೇ ಜನ ಕಂಗೆಟ್ಟಿದ್ದಾಗ, 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಕರ್ನಾಟಕ, ಕೇರಳದ ಬೆಳೆಗಾರರು ಸೇರಿ ಕ್ಯಾಂಪ್ಕೊ ಕಟ್ಟಿದರು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯೂ ಎದ್ದಿತು. ರೋಗಕ್ಕೆ ಮದ್ದನ್ನು ವಿಜ್ಞಾನಿಗಳು ಹುಡುಕಬೇಕು, ಪರಿಹಾರವನ್ನು ಸರ್ಕಾರ ಕೊಡಬೇಕು. ಅದು ಮಠದ ಕೈಯಲ್ಲಿಲ್ಲ. ಆದರೆ ಒಬ್ಬೊಬ್ಬರೇ ತಮ್ಮ ತೋಟದಲ್ಲಿ ನಿಂತು ‘ಮುಗಿಯಿತು’ ಎಂದುಕೊಳ್ಳದೆ ಒಂದು ಕೊಠಡಿಯಲ್ಲಿ ಕೂತು ಮಾತಾಡುವುದು ನಿಮಗೆ ಬಂದ ವಿದ್ಯೆ. ಶೂನ್ಯಸಿಂಹಾಸನದ ಸುತ್ತ ನಡೆದದ್ದೂ ಅದೇ: ಅಂಬಿಗ, ಮಡಿವಾಳ, ನುಲಿಯ ಹೊಸೆಯುವವ, ಎಲ್ಲರೂ ಕೂತು ಮಾತಾಡಿದ್ದು.

ಹೆತ್ತವರಿಗೆ ಎರಡು ಮಾತು ಹೇಳಿ ಮುಗಿಸುತ್ತೇವೆ. ಮಕ್ಕಳು ಇಂಥ ಪ್ರಶ್ನೆ ಕೇಳಿದರೆ ಹೊಡೆಯಬೇಡಿ, ನಗಬೇಡಿ, ಪುಸ್ತಕ ಸುಡಬೇಡಿ. ಪ್ರಶ್ನೆ ಕೇಳುವವನು ಇನ್ನೂ ಉತ್ತರ ಬೇಡುತ್ತಿದ್ದಾನೆ. ಆದರೆ ಊಟ ಬಿಟ್ಟು, ನಿದ್ದೆ ಬಿಟ್ಟು, ಗೆಳೆಯರನ್ನು ಬಿಟ್ಟು, ತಾನೇ ಇರಬಾರದೆಂಬಂತೆ ಮಾತಾಡತೊಡಗಿದರೆ ಅದು ತತ್ತ್ವವಲ್ಲ, ಕಾಯಿಲೆ. ಆಗ ನಮ್ಮ ಬಳಿ ವಿಭೂತಿಗೆಂದು ಕರೆತರುವ ಮೊದಲು ಮನಸ್ಸಿನ ವೈದ್ಯರ ಬಳಿ ಕರೆದೊಯ್ಯಿರಿ. 2022ರಿಂದ ಸರ್ಕಾರದ ಟೆಲಿ ಮಾನಸ್ ಎಂಬ ದೂರವಾಣಿ ಇದೆ, ಸಂಖ್ಯೆ 14416; ಕನ್ನಡದಲ್ಲಿಯೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಆ ಹುಡುಗನ ತಂದೆಗೆ ನಿನ್ನೆಯೇ ಇದನ್ನು ಹೇಳಿ ಕಳುಹಿಸಿದ್ದೇವೆ. ಹುಡುಗನಿಗೆ ಶೂನ್ಯಸಂಪಾದನೆಯ ಮುಕ್ತಾಯಕ್ಕನ ಭಾಗವನ್ನು ಓದಿಕೊಂಡು ಬಾ ಎಂದಿದ್ದೇವೆ. ಅವನು ನಮಗೆ ‘ಕರಮಜೋವ್ ಸೋದರರು’ ಇನ್ನೊಮ್ಮೆ ಓದಿ ಎಂದಿದ್ದಾನೆ. ಇವಾನನಿಗೆ ನಾವು ಸರಿಯಾಗಿ ಉತ್ತರ ಹೇಳಿಲ್ಲವಂತೆ. ಮುಂದಿನ ತಿಂಗಳು ಮಠಕ್ಕೆ ಬರುತ್ತಾನೆ. ಪ್ರಸಾದ ಸಿದ್ಧವಾಗಿದೆ, ಯಾರೂ ಹಾಗೆಯೇ ಹೋಗಬೇಡಿ.